ತೆರಕಣಾಂಬಿ ಕೆಳಗಿನ ಜೋಡಣೆ

ಚಾಮರಾಜನಗರದಲ್ಲಿ ರೈಲು ನಿಲ್ದಾಣವಿದೆ. ಗುಂಡ್ಲುಪೇಟೆಯಲ್ಲಿ ಇಲ್ಲ.

ಈ ಕೊರತೆಯನ್ನು ಹಂತಹಂತವಾಗಿ ನೀಗಿಸಲು ಗುಂಡ್ಲುಪೇಟೆಯ ಗಡಿ ತಾಲ್ಲೂಕು ಮಾದರಿ ಪ್ರದರ್ಶನ ಮಂಡಳಿ ತೀರ್ಮಾನಿಸಿತು. ಮೊದಲ ಹಂತದಲ್ಲಿ ಆಟಿಕೆ ರೈಲು. ಎರಡನೆಯ ಹಂತದ ಬಗ್ಗೆ ಮೊದಲನೆಯದು ಮುಗಿದ ಮೇಲೆ ಯೋಚಿಸತಕ್ಕದ್ದು ಎಂದು ನಿರ್ಣಯವಾಯಿತು. ಆಮೇಲೆ ‘ಆಟಿಕೆ’ ಎಂಬ ಮಾತು ಹೊಡೆದು ‘ಮಾದರಿ’ ಎಂದು ತಿದ್ದಿದರು. ತಿದ್ದಿದ್ದರಿಂದ ಅಂದಾಜು ವೆಚ್ಚ ಇಮ್ಮಡಿಯಾಯಿತು. ಯಾರೂ ಆಕ್ಷೇಪಿಸಲಿಲ್ಲ. ನಾನು ಮಂಡಳಿಯ ನಾಗರಿಕ ಸದಸ್ಯ. ನಾಗರಿಕ ಸದಸ್ಯನಿಗೆ ಆಕ್ಷೇಪಿಸುವ ಅಧಿಕಾರವಿಲ್ಲ.

ಸಭಾಂಗಣದಲ್ಲಿ ಉದ್ದನೆಯ ಮೇಜು ಹಾಕಿಸಿದರು. ಒಂದು ತುದಿಯಲ್ಲಿ ಚಾಮರಾಜನಗರ, ಇನ್ನೊಂದು ತುದಿಯಲ್ಲಿ ಗುಂಡ್ಲುಪೇಟೆ, ನಡುವೆ ತೆರಕಣಾಂಬಿ. ಹಿಂದೆ ಥರ್ಮಾಕೋಲಿನ ಗೋಪಾಲಸ್ವಾಮಿ ಬೆಟ್ಟ. ಹಸಿರು ಬಳಿದ ಮರದ ಹೊಟ್ಟಿನ ಕಾಡು. ಕಾಡಿನಲ್ಲಿ ಒಂದು ಪ್ಲಾಸ್ಟಿಕ್ ಆನೆ. ಆನೆ ಇಂಜಿನ್ನಿಗಿಂತ ದೊಡ್ಡದು. ಅಂಗಡಿಯಲ್ಲಿ ಅದೊಂದೇ ಇತ್ತು.

ಹಳಿಗೆ ವಿದ್ಯುತ್ ಬೇಕು. ಚಾಮರಾಜನಗರದಿಂದ ತೆರಕಣಾಂಬಿಯವರೆಗೆ ಒಂದು ತುಂಡು ಹಳಿ, ಅಲ್ಲಿಂದ ಗುಂಡ್ಲುಪೇಟೆಗೆ ಇನ್ನೊಂದು. ಮೊದಲ ತುಂಡಿನ ಎರಡು ತಂತಿಗೆ ಎರಡನೆಯ ತುಂಡಿನ ಎರಡು ತಂತಿ ಸೇರಿಸಬೇಕು. ಸೇರಿಸುವ ಜಾಗ ಮೇಜಿನ ಕೆಳಗೆ, ಸರಿಯಾಗಿ ತೆರಕಣಾಂಬಿಯ ಅಡಿಯಲ್ಲಿ. ಅಲ್ಲಿ ಯಾವ ಕನೆಕ್ಟರ್ ಹಾಕಿದರೆ ಸುರಕ್ಷಿತ ಎಂಬ ಪ್ರಶ್ನೆ ಬಂತು. ಪ್ರಶ್ನೆ ಬಂದದ್ದರಿಂದ ಸಮಿತಿ ಬಂತು. ನಾನು ಅದರಲ್ಲೂ ಸದಸ್ಯ.

ತಂತಿ ಎಳೆದವನು ಹಂಗಳದ ಶಿವಮಲ್ಲು. ಮದುವೆ ಮನೆಗಳಿಗೆ ಮೈಕ್ ಸೆಟ್ಟು, ಸೀರಿಯಲ್ ಲೈಟು ಹಾಕುವವನು. ಪ್ರಶ್ನೆ ಬರುವ ಮೊದಲೇ ಅವನು ತಂತಿ ತಿರುಚಿ ಟೇಪು ಸುತ್ತಿಬಿಟ್ಟಿದ್ದ. ಸಮಿತಿ ಬಿಚ್ಚಿಸಿತು.

ಸಭೆಯಲ್ಲಿ ಇಂಜಿನಿಯರ್ ಚೈತ್ರ ಮಾತಾಡಿದರು. ಗುತ್ತಿಗೆ ಮೇಲೆ ಬಂದ ಹುಡುಗಿ.

“ಇದು ಹನ್ನೆರಡು ವೋಲ್ಟ್, ಸರ್. ಮುಟ್ಟಿದ್ರೆ ಶಾಕ್ ಹೊಡೆಯಲ್ಲ. ಜಾಯಿಂಟ್ ಸಡಿಲ ಇದ್ರೆ ಬಿಸಿಯಾಗುತ್ತೆ. ಪಕ್ಕದ ತಂತಿಗೆ ತಾಗಿದ್ರೆ ಇನ್ನೂ ಬಿಸಿ. ಸುತ್ತ ಪ್ಲೈವುಡ್ಡು, ಥರ್ಮಾಕೋಲು. ಅದೊಂದೇ ಭಯ.”

“ಟೇಪು ಯಾಕೆ ಬೇಡ?” ಎಂದರು ಕಾರ್ಯದರ್ಶಿ ಮಲ್ಲಿಕಾರ್ಜುನಸ್ವಾಮಿ.

“ಬೇಸಿಗೇಲಿ ಗೋಂದು ಕರಗಿ ಬಿಚ್ಕೊಳ್ಳುತ್ತೆ.”

“ಒಳ್ಳೇ ಟೇಪು ತರಿಸೋಣ. ಯಾವ ಬಣ್ಣ?”

ಬಣ್ಣದ ಚರ್ಚೆಗೆ ಒಂದು ಸಭೆ ಹಿಡಿಯಿತು. ಅಂಗಡಿಯಲ್ಲಿ ಸಿಗುವ ಪ್ರತಿ ಬಣ್ಣಕ್ಕೂ ಒಂದು ಪಕ್ಷವಿತ್ತು. ಕೊನೆಗೆ ಉಳಿದದ್ದು ಕವರು ಅಂಟಿಸುವ ಬಣ್ಣವಿಲ್ಲದ ಟೇಪು. ಅದು ತಂತಿಗಲ್ಲ ಎಂದು ಚೈತ್ರ ಹೇಳಿದರು. ಟೇಪು ಕೈಬಿಟ್ಟರು.

ಸ್ಕ್ರೂ ಬಿಗಿಯುವ ಬಿಳಿ ಪ್ಲಾಸ್ಟಿಕ್ ಪಟ್ಟಿ ಮುಂದಿಟ್ಟರು. ಎಳೆಎಳೆಯಾದ ತಂತಿಯ ತುದಿಗೆ ತಗಡಿನ ಪುಟ್ಟ ಕೊಳವೆ ತೊಡಿಸಿ ಬಿಗಿದರೆ ಪರವಾಗಿಲ್ಲ ಎಂದರು ಚೈತ್ರ. ಆದರೆ ಬಿಗಿಯಲು ಸ್ಕ್ರೂಡ್ರೈವರ್ ಬೇಕು. ಸ್ಕ್ರೂಡ್ರೈವರ್ ‘ಸಲಕರಣೆ’ ಎಂಬ ಶೀರ್ಷಿಕೆಯಲ್ಲಿ ಬರುತ್ತದೆ. ಆ ಶೀರ್ಷಿಕೆಯ ಹಣದಲ್ಲಿ ಸೋಫಾ ಬಂದಾಗಿತ್ತು. ಸೋಫಾ ಕಾರ್ಯದರ್ಶಿಗಳ ಮನೆಯಲ್ಲಿ ಸುರಕ್ಷಿತವಾಗಿತ್ತು.

ಆಮೇಲೆ ಚೈತ್ರ ತಮ್ಮ ಕೈಚೀಲದಿಂದ ಬೆರಳುದ್ದದ ಕನೆಕ್ಟರ್ ತೆಗೆದರು. ಗಾಜಿನಂಥ ಮೈ, ಮೇಲೆ ಕಿತ್ತಳೆ ಬಣ್ಣದ ಪುಟ್ಟ ಲಿವರು. ಲಿವರು ಎತ್ತಿ ತಂತಿ ತೂರಿಸಿ ಒತ್ತಿದರು. ಟಪ್ ಎಂದಿತು. ಶಿವಮಲ್ಲುವಿಗೆ ಎಳೆಯಲು ಹೇಳಿದರು. ಅವನು ಜಗ್ಗಿದ. ಬರಲಿಲ್ಲ. ರೈಲು ಚಾಮರಾಜನಗರ ಬಿಟ್ಟು ತೆರಕಣಾಂಬಿ ದಾಟಿ ಗುಂಡ್ಲುಪೇಟೆ ಮುಟ್ಟಿ ವಾಪಸು ಹೋಯಿತು. ಎಲ್ಲರೂ ನೋಡಿದೆವು.

“ಇದರ ಬೆಲೆ?” ಎಂದರು ಕಾರ್ಯದರ್ಶಿ.

ಚೈತ್ರ ಹೇಳಿದರು. ಕಾರ್ಯದರ್ಶಿಗಳ ಮುಖ ಸಣ್ಣಗಾಯಿತು.

“ಇಷ್ಟು ಅಗ್ಗದ ವಸ್ತುವಿನ ಮೇಲೆ ಇಷ್ಟು ದೊಡ್ಡ ಯೋಜನೆ ನಿಲ್ಲಿಸೋದು ಹೇಗಮ್ಮ?”

ಅಧ್ಯಯನ ಮಾಡದೆ ಒಪ್ಪಬಾರದು ಎಂದು ತೀರ್ಮಾನವಾಯಿತು. ನಮಗೆ ಹತ್ತಿರದ ಸಣ್ಣ ರೈಲು ಊಟಿಯದು. ಸಮಿತಿ ಕುಟುಂಬ ಸಮೇತ ಊಟಿಗೆ ಹೋಯಿತು. ಆ ರೈಲಿಗೆ ವಿದ್ಯುತ್ ತಂತಿಯೇ ಇಲ್ಲವೆಂದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ವರದಿಯಲ್ಲಿ ಚಳಿಯ ಬಗ್ಗೆ ಬರೆದರು. ಅಲ್ಲಿಯ ವರ್ಕಿ ಬಿಸ್ಕತ್ತು ಚೆನ್ನಾಗಿತ್ತು ಎಂದೂ ಬರೆದರು.

ಹಿಂದಿರುಗಿದ ಮೇಲೆ ಕಾರ್ಯದರ್ಶಿಗಳಿಗೆ ಒಂದು ಸುತ್ತೋಲೆ ಸಿಕ್ಕಿತು. ‘ಪ್ರತಿಯೊಂದು ಜೋಡಣೆಗೂ ಒಬ್ಬ ಹೊಣೆಗಾರನಿರತಕ್ಕದ್ದು. ಜೋಡಣೆ ಕಳಚಿದಲ್ಲಿ ಸದರಿ ಹೊಣೆಗಾರನಿಂದ ಲಿಖಿತ ಸಮಜಾಯಿಷಿ ಪಡೆಯತಕ್ಕದ್ದು.’

“ಇದು ಹನ್ನೊಂದು ಸಾವಿರ ವೋಲ್ಟಿನ ಲೈನಿಗೆ, ಸರ್,” ಎಂದರು ಚೈತ್ರ.

“ಹನ್ನೆರಡಕ್ಕೆ ಅಂತ ಬೇರೆ ಸುತ್ತೋಲೆ ಇದೆಯಾ?”

“ಇಲ್ಲ ಸರ್.”

“ಹಾಗಾದ್ರೆ ಇದೇ. ಈಗ ಹೇಳಿ, ನಿಮ್ಮ ಲಿವರ್ ಕನೆಕ್ಟರ್ ಸಮಜಾಯಿಷಿ ಬರೆದುಕೊಡುತ್ತಾ?”

“ಕೊಡಲ್ಲ ಸರ್.”

“ಮತ್ತೆ?”

ಲಿವರ್ ಕನೆಕ್ಟರನ್ನು ತೆಗೆಸಿದರು. ತಂತಿಗಳು ತೆರಕಣಾಂಬಿಯ ಕೆಳಗೆ ನೇತಾಡಿದವು.

ಹಾಗಿರುವಾಗ ಒಂದು ಬೆಳಗ್ಗೆ ತಪಾಸಣೆಯ ಅಧಿಕಾರಿ ಹೇಳದೆ ಕೇಳದೆ ಬಂದರು. ರೈಲು ಓಡಿಸಿ ತೋರಿಸಿ ಎಂದರು. ಕಾರ್ಯದರ್ಶಿಗಳು ಸುತ್ತ ನೋಡಿದರು. ಶಿವಮಲ್ಲು ಬಾಗಿಲ ಬಳಿ ತನ್ನ ಬಾಕಿ ಬಿಲ್ಲಿನ ಸಲುವಾಗಿ ನಿಂತಿದ್ದ.

“ಶಿವಮಲ್ಲು, ಸ್ವಲ್ಪ ಕೆಳಗೆ ಹೋಗಿ ಹಿಡ್ಕೊಂಡಿರಪ್ಪ.”

“ಎಷ್ಟೊತ್ತು ಸಾ?”

“ಸ್ವಲ್ಪ.”

ಇದರಲ್ಲಿ ವಿಶೇಷವಿಲ್ಲ. ನಮ್ಮ ಕಡೆ ಮದುವೆ ಮನೆಯಲ್ಲಿ ಮೈಕಿನ ತಂತಿ ಸಡಿಲವಾದರೆ ಹತ್ತಿರ ನಿಂತವನನ್ನು ಕರೆದು ‘ಒಸಿ ಇಡ್ಕಂಡಿರ್ಲಾ’ ಅನ್ನುತ್ತಾರೆ. ಅವನು ಊಟದ ಪಂಕ್ತಿಗಳೆಲ್ಲ ಮುಗಿಯುವವರೆಗೆ ಹಿಡಿದಿರುತ್ತಾನೆ. ಅವನನ್ನು ಯಾರೂ ಕರೆಯುವುದಿಲ್ಲ. ಅವನೂ ಬಿಡುವುದಿಲ್ಲ. ಬಿಟ್ಟರೆ ಹಾಡು ನಿಲ್ಲುತ್ತದೆ.

ಶಿವಮಲ್ಲು ಮೇಜಿನ ಕೆಳಗೆ ತೂರಿದ. ಬಲಗೈಯಲ್ಲಿ ಒಂದು ಜೋಡಿ, ಎಡಗೈಯಲ್ಲಿ ಒಂದು ಜೋಡಿ ತಂತಿ ಚಿವುಟಿ ಹಿಡಿದ. ರೈಲು ಓಡಿತು. ಅಧಿಕಾರಿ ಬಗ್ಗಿ ನೋಡಿದರು.

“ಇವರು ಯಾರು?”

“ಕನೆಕ್ಟರ್, ಸರ್,” ಎಂದರು ಕಾರ್ಯದರ್ಶಿ.

“ಹೊಣೆಗಾರ?”

“ಅವರೇ.”

“ಸಮಜಾಯಿಷಿ ಬರೆದು ಸಹಿ ಹಾಕ್ತಾರಾ?”

“ಆಕ್ತೀನಿ ಸಾ, ಕೈ ಬುಟ್ಟ ಮ್ಯಾಕೆ,” ಎಂದ ಶಿವಮಲ್ಲು ಕೆಳಗಿನಿಂದ.

ಅಧಿಕಾರಿ ತೃಪ್ತರಾದರು. ವಾರದೊಳಗೆ ಪ್ರಕಟಣೆ ಹೊರಟಿತು:

‘ಮಾದರಿ ರೈಲು ಮಾರ್ಗಕ್ಕೆ ಸುರಕ್ಷಿತ ಕನೆಕ್ಟರ್ ಆಗಿ ಹಂಗಳದ ಶ್ರೀ ಶಿವಮಲ್ಲು ಇವರನ್ನು ಆಯ್ಕೆ ಮಾಡಲಾಗಿದೆ. ಸದರಿ ಕನೆಕ್ಟರ್ ತುಕ್ಕು ಹಿಡಿಯುವುದಿಲ್ಲ. ಬಿಸಿಯಾದಲ್ಲಿ ತಾನೇ ತಿಳಿಸುತ್ತದೆ. ಬಳಕೆಗೆ ಸ್ಕ್ರೂಡ್ರೈವರಿನ ಅಗತ್ಯವಿರುವುದಿಲ್ಲ. ಕಚೇರಿ ವೇಳೆಯಲ್ಲಿ ಇದನ್ನು ಬಿಚ್ಚತಕ್ಕದ್ದಲ್ಲ.’

ಸಂಬಳ ನಿಗದಿಯಾಯಿತು. ಅದರೊಳಗೆ ಹಳೆಯ ಬಿಲ್ಲು ಮುಳುಗಿತು. ಕಾರ್ಯದರ್ಶಿಗಳ ಭಾವಮೈದುನ ರಾಜಣ್ಣ ಕನೆಕ್ಟರ್ ಮೇಲ್ವಿಚಾರಕನಾಗಿ ಬಂದ. ಅವನಿಗೆ ಮೇಜಿನ ಪಕ್ಕ ಕುರ್ಚಿ. ಶಿವಮಲ್ಲುವಿಗೆ ಕೆಳಗೆ ಗೋಣಿಚೀಲ.

ಮಧ್ಯಾಹ್ನ ಅವನ ಹೆಂಡತಿ ಗುರುಮಲ್ಲಮ್ಮ ಹಂಗಳದಿಂದ ಬಸ್ಸಿನಲ್ಲಿ ಬುತ್ತಿ ತರುತ್ತಿದ್ದಳು. ಅವನ ಕೈ ಖಾಲಿಯಿರಲಿಲ್ಲ. ಅವಳೇ ಮೇಜಿನ ಕೆಳಗೆ ಕುಕ್ಕರುಗಾಲಲ್ಲಿ ಕೂತು ಮುದ್ದೆ ಮುರಿದು ಬಾಯಿಗಿಡುತ್ತಿದ್ದಳು.

“ಮದ್ವ ಆದಾಗ್ನಿಂದ ಒಂದ್ ಲೋಟ ಎತ್ತಿಡ್ನಿಲ್ಲ ಈ ಕೈಯಿ. ಈಗ ನೋಡು, ಸರ್ಕಾರದ್ನ ಇಡ್ಕಂಡು ಕೂತದ.”

“ಮೆಲ್ಲಕ ಮಾತಾಡು. ಮೇಲ ಸಾಯೇಬ್ರವ್ರ.”

“ಇರ್ಲಿ ಬುಡು. ಅವ್ರಿಗೂ ಯಾರೋ ಉಣ್ಣುಸ್ತಾವ್ರ.”

ರಾಜಣ್ಣ ಕೇಳಿಸಿಕೊಳ್ಳಲಿಲ್ಲ. ಮೇಲ್ವಿಚಾರಕ ಊಟದ ವೇಳೆ ಮಲಗಿರುತ್ತಿದ್ದ.

ಹಂಗಳದಲ್ಲಿ ಸುದ್ದಿ ಹಬ್ಬಿತು. ಸರ್ಕಾರಿ ಕೆಲಸ, ನೆರಳಲ್ಲಿ. ದೊಡ್ಡಯ್ಯ ಎಂಬ ನೆಂಟ ಬಂದು ಮೇಜಿನ ಕೆಳಗೆ ಇಣುಕಿದ.

“ಎರಡು ಕೈಗೂ ಒಬ್ನೇ ಸಂಬ್ಳ ತಕತಿದ್ದೀಯಲ್ಲಾ. ಎಡಗೈದ ನಮ್ ಐಕ್ಳಿಗ ಕೊಡ್ಸು ಕಣ್ಲಾ.”

“ಅದು ರಿಸರ್ವೇಸನ್ನು ಕಣ. ಕೇಳ್ನೋಡ್ತೀನಿ ಓಗು.”

ಇಷ್ಟರಲ್ಲಿ ಶಿವಮಲ್ಲುವಿನ ಮಗಳು ಪವಿತ್ರಳಿಗೆ ಸಂಬಂಧ ಕೂಡಿತು. ಹುಡುಗ ಹರದನಹಳ್ಳಿಯ ಬೆಟ್ಟಯ್ಯನ ಮಗ ಮಹದೇವಪ್ರಸಾದ್. ಬಿ.ಎ. ಮಾಡಿ ಸುಮ್ಮನಿದ್ದ. ಪವಿತ್ರ ಗುಂಡ್ಲುಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಇಬ್ಬರೂ ಒಂದೇ ಕಾಲೇಜು. ಅವರು ಯಾವತ್ತೋ ಒಪ್ಪಿಕೊಂಡಿದ್ದರು. ದೊಡ್ಡವರು ಒಪ್ಪಬೇಕಿತ್ತು. ಬೆಟ್ಟಯ್ಯ ಮೊದಲು ಮೈಕ್ ಸೆಟ್ಟಿನವನ ಮನೆ ಎಂದು ಮೂಗು ಮುರಿದಿದ್ದ. ಪ್ರಕಟಣೆ ನೋಡಿದ ಮೇಲೆ ತಾನೇ ಫೋನು ಮಾಡಿದ.

“ವೀಳ್ಯ ಬದ್ಲಾಯಿಸ್ಕಂಬುಡನ. ಬುದವಾರ ದಿನ ಚೆಂದಾಗದ. ಅದು ಬುಟ್ರ ಆಷಾಢ. ಅಲ್ಲಿಗಂಟ ನಾ ಕಾಯಕಾಗಲ್ಲ. ಮದ್ದೂರ್ ಕಡೆಯವ್ರು ಒಂದ್ ಹೆಣ್ಣ ತೋರ್ಸವ್ರ.”

ಶಿವಮಲ್ಲು ಬುಧವಾರಕ್ಕೆ ರಜೆ ಕೇಳಿದ. ಅದೇ ಬುಧವಾರ ಉದ್ಘಾಟನೆ ಗೊತ್ತಾಗಿತ್ತು. ಮೈಸೂರಿನಿಂದ ಮುಖ್ಯ ಅತಿಥಿಗಳು ಬರುವವರಿದ್ದರು.

“ಕನೆಕ್ಟರಿಗೆ ರಜೆ ಇಲ್ಲ,” ಎಂದರು ಕಾರ್ಯದರ್ಶಿ. “ಯಾವ ಕಂಪನಿಯ ಕನೆಕ್ಟರೂ ರಜೆ ಕೇಳಿದ ಉದಾಹರಣೆ ಇಲ್ಲ.”

“ಒಬ್ಬಳೇ ಮಗ್ಳು ಸಾ. ಒಂದ್ ಗಳ್ಗ ಬುಟ್ಕೊಡಿ. ಚೈತ್ರಮ್ಮೋರ ಅದನ್ನೇ ಆಕ್ಬುಡಿ, ಆ ಟಪ್ ಅನ್ನೋದ.”

“ಅದು ತಿರಸ್ಕೃತ ವಸ್ತು. ಬಳಸಿದ್ರೆ ತಿರಸ್ಕರಿಸಿದ್ದು ತಪ್ಪಾಗುತ್ತೆ.”

ಶಿವಮಲ್ಲು ನನ್ನ ಕಡೆ ನೋಡಿದ. ನಾನು ನಾಗರಿಕ ಸದಸ್ಯ. ಕನ್ನಡಕ ಒರೆಸಿದೆ.

ವಿಷಯ ಹರದನಹಳ್ಳಿಗೆ ಮುಟ್ಟಿತು. ಬೆಟ್ಟಯ್ಯನಿಗೆ ಸಿಟ್ಟು ಬರಲಿಲ್ಲ. ರಜೆ ಸಿಗದಂಥ ಕೆಲಸ ಎಂದರೆ ದೊಡ್ಡ ಕೆಲಸವೇ ಇರಬೇಕು ಎಂದು ಅವನ ಲೆಕ್ಕ. ಬುಧವಾರ ಅವನೇ ಹುಡುಗನನ್ನೂ ನಾಲ್ಕು ಜನ ನೆಂಟರನ್ನೂ ಕರೆದುಕೊಂಡು ಸಭಾಂಗಣಕ್ಕೆ ಬಂದ. ಗುರುಮಲ್ಲಮ್ಮ ಮೂಲೆಯಲ್ಲಿ ಚಾಪೆ ಹಾಸಿದಳು. ಪವಿತ್ರ ಹಸಿರು ಸೀರೆ ಉಟ್ಟಿದ್ದಳು. ಉದ್ಘಾಟನೆಗೆ ತಂದ ಹೂವಿನಲ್ಲಿ ಒಂದು ಮೊಳ ಅವಳ ಮುಡಿಗೂ ಹೋಯಿತು. ಕಾರ್ಯದರ್ಶಿಗಳು ಸಭಿಕರು ತುಂಬಿದ್ದಾರೆ ಎಂದು ಸಂತೋಷಪಟ್ಟರು.

ಅತಿಥಿಗಳು ಬಂದರು. ದೀಪ ಹಚ್ಚಿದರು. ಗುಂಡಿ ಒತ್ತಿದರು. ರೈಲು ಚಾಮರಾಜನಗರ ಬಿಟ್ಟಿತು. ಬೆಟ್ಟಯ್ಯನ ಜೊತೆ ಶಾಸ್ತ್ರಕ್ಕೆ ಬಂದಿದ್ದ ಐನೋರು ಗೋಡೆಯ ಗಡಿಯಾರ ನೋಡಿ, ಗಳಿಗೆ ಮೀರುತ್ತಿದೆ, ಈಗಲೇ ಆಗಬೇಕು ಎಂದರು.

ಬೆಟ್ಟಯ್ಯ ಎಲೆ ಅಡಿಕೆ ತೆಂಗಿನಕಾಯಿಯ ತಟ್ಟೆ ಹಿಡಿದು ಮೇಜಿನ ಪಕ್ಕ ಬಗ್ಗಿದ. ಕೆಳಗೆ ಶಿವಮಲ್ಲು, ಹೊಸ ಪಂಚೆ, ಎರಡು ಕೈಯಲ್ಲೂ ತಂತಿ.

“ಈಸ್ಕಳಿ ಬೀಗ್ರೇ.”

“ಬಲಗೈ ಬುಟ್ರೆ ರೈಲು ನಿಂತೋಯ್ತದ. ಎಡಗೈ ಬುಟ್ರೂ ನಿಂತೋಯ್ತದ. ಮಡ್ಲ ಮ್ಯಾಲ ಮಡಗಬುಡಿ.”

“ಮಡ್ಲ ಮ್ಯಾಲ ಮಡಗದು ತರಕಾರಿಯ. ಎರಡು ಕೈಲೂ ಈಸ್ಕಬೇಕು.”

“ಒಂದ್ ಕೈಲಿ ಆಗದಾ?”

“ಒಂದ್ ಕೈಲಿ ಈಸ್ಕಳದು ಸಾಲವ. ಇದು ಸಂಬಂಧ.”

ಮೇಲೆ ಕಾರ್ಯದರ್ಶಿಗಳು ಅತಿಥಿಗಳಿಗೆ ವಿವರಿಸುತ್ತಿದ್ದರು. ರೈಲು ತೆರಕಣಾಂಬಿ ದಾಟಿತು. ಕೆಳಗಿನ ಮಾತು ಎಲ್ಲರಿಗೂ ಕೇಳುತ್ತಿತ್ತು. ಯಾರೂ ಕೇಳಿಸಿಕೊಳ್ಳಲಿಲ್ಲ. ಬೆಟ್ಟಯ್ಯನಿಗೆ ಸೊಂಟ ನೋಯುತ್ತಿತ್ತು.

“ಏನಂತೀರಿ? ನಾ ಓಗ್ಲಾ?”

ಮಹದೇವಪ್ರಸಾದ್ ಪವಿತ್ರಳ ಕಡೆ ನೋಡಿದ. ಪವಿತ್ರ ಸೀರೆ ಎತ್ತಿ ಹಿಡಿದು ಅಪ್ಪನ ಎದುರು ಮಂಡಿಯೂರಿದಳು.

“ಅಪ್ಪ, ರೈಲು ನಾಳಕೂ ಓಡ್ತದ. ಇವ್ರು ನಾಳಕ ಬರಲ್ಲ.”

ಶಿವಮಲ್ಲು ಮಗಳನ್ನು ನೋಡಿದ. ತಂತಿ ನೋಡಿದ. ಎರಡು ಕೈಯನ್ನೂ ಬಿಟ್ಟ. ಪಂಚೆಗೆ ಒರೆಸಿಕೊಂಡು ತಟ್ಟೆ ಈಸಿಕೊಂಡ. ಕಣ್ಣಿಗೊತ್ತಿಕೊಂಡ. ಗುರುಮಲ್ಲಮ್ಮ ಪಕ್ಕದಲ್ಲಿ ತಂದಿಟ್ಟಿದ್ದ ತನ್ನ ಕಡೆಯ ತಟ್ಟೆ ಎತ್ತಿ ಬೆಟ್ಟಯ್ಯನಿಗೆ ಕೊಟ್ಟ.

ರೈಲು ನಿಂತಿತು. ತೆರಕಣಾಂಬಿಗೂ ಗುಂಡ್ಲುಪೇಟೆಗೂ ನಡುವೆ, ಆನೆಯ ಮುಂದೆ.

ರಾಜಣ್ಣ ಎದ್ದು ಕೂತ. ಅತಿಥಿಗಳು ಮೇಜಿನ ಮೇಲೆ ಬಾಗಿದರು.

“ಯಾಕೆ ನಿಂತಿತು?”

ಕಾರ್ಯದರ್ಶಿಗಳು ಬೆವೆತಿದ್ದರು. ಆ ಗಾಬರಿಯಲ್ಲಿ ಅವರ ಬಾಯಿಂದ ನಿಜ ಬಂತು.

“ಗುಂಡ್ಲುಪೇಟೆಗೆ ಇನ್ನೂ ರೈಲು ಬಂದಿಲ್ಲ, ಸರ್.”

ಅತಿಥಿಗಳು ಯೋಚಿಸಿದರು. ಆಮೇಲೆ ಚಪ್ಪಾಳೆ ತಟ್ಟಿದರು. ಅವರು ತಟ್ಟಿದ್ದರಿಂದ ಎಲ್ಲರೂ ತಟ್ಟಿದರು.

“ವಾಸ್ತವಕ್ಕೆ ಇಷ್ಟು ಹತ್ತಿರವಾದ ಮಾದರಿಯನ್ನು ನಾನು ಎಲ್ಲೂ ನೋಡಿಲ್ಲ,” ಎಂದರು ಭಾಷಣದಲ್ಲಿ. “ತಲುಪಿಸಿಬಿಟ್ಟಿದ್ದರೆ ಜನ ನಾಳೆ ನಮ್ಮನ್ನು ಕೇಳುತ್ತಿದ್ದರು. ಈ ರೈಲು ಇಲ್ಲೇ ನಿಂತಿರಬೇಕು. ಮುಂದಕ್ಕೆ ಹೋಗದಂತೆ ಎಚ್ಚರ ವಹಿಸಿ.”

ಮೂಲೆಯಲ್ಲಿ ಗುರುಮಲ್ಲಮ್ಮ ಸಕ್ಕರೆ ಹಂಚಿದಳು. ಅತಿಥಿಗಳೂ ತೆಗೆದುಕೊಂಡರು. ಉದ್ಘಾಟನೆಯ ಸಕ್ಕರೆ ಎಂದುಕೊಂಡರು.

ಮರುದಿನ ಆದೇಶ ಸಿದ್ಧವಾಯಿತು. ‘ತೆರಕಣಾಂಬಿ ಕೆಳಗಿನ ತಂತಿಯ ತುದಿಗಳು ಪರಸ್ಪರ ತಾಗದಂತೆ ಹಿಡಿದಿರತಕ್ಕದ್ದು. ಚಾಮರಾಜನಗರ ಕಡೆಯ ತುದಿಗಳನ್ನೂ ಗುಂಡ್ಲುಪೇಟೆ ಕಡೆಯ ತುದಿಗಳನ್ನೂ ಒಬ್ಬನೇ ಹಿಡಿದಲ್ಲಿ ಅವು ಸೇರುವ ಸಂಭವವಿರುವುದರಿಂದ ಇಬ್ಬರು ಹೊಣೆಗಾರರನ್ನು ನೇಮಿಸತಕ್ಕದ್ದು.’

ಬೆಟ್ಟಯ್ಯ ಕಚೇರಿಯಲ್ಲೇ ಇದ್ದ. ವೀಳ್ಯ ಅಗಿಯುತ್ತಿದ್ದ.

“ಎರಡ್ನೇ ಜಾಗ್ಕ ಡಿಗ್ರಿ ಬೇಕಾ ಸಾ? ನಮ್ ಉಡ್ಗ ಮಾಡವ್ನ.”

ಡಿಗ್ರಿ ಬೇಕು ಎಂದು ಆ ಕ್ಷಣ ಗೊತ್ತಾಯಿತು. ಮಹದೇವಪ್ರಸಾದ್ ನೇಮಕವಾದ. ಎರಡು ತುದಿಗಳ ನಡುವಿನ ಅಂತರ ಕಾಯಲು ರಾಜಣ್ಣನಿಗೆ ಬಡ್ತಿ ಸಿಕ್ಕಿತು.

“ಆ ತಂತಿ ಕತ್ತರಿಸಿ ಹಾಕಿದ್ರೆ ಸಾಕಲ್ವಾ ಸರ್?” ಎಂದರು ಚೈತ್ರ.

“ಕತ್ತರಿಸಿದ್ರೆ ಅವರು ಹಿಡಿಯೋದು ಏನನ್ನಮ್ಮ?”

ಚೈತ್ರ ಪೆನ್ನು ತೆಗೆದರು. ಆಮೇಲೆ ತಾಂತ್ರಿಕ ದೃಢೀಕರಣ ಬರೆದುಕೊಟ್ಟರು. ಜೋಡಣೆಯೇ ಇಲ್ಲದ ಜೋಡಣೆಯಿಂದ ಬೆಂಕಿಯ ಭಯ ಇಲ್ಲ ಎಂದು ಅದರಲ್ಲಿತ್ತು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅವರ ಗುತ್ತಿಗೆ ಮುಂದುವರಿಯಿತು.

ಶ್ರಾವಣದಲ್ಲಿ ಮದುವೆಯಾಯಿತು. ಮಾವ ಅಳಿಯ ಈಗ ಮೇಜಿನ ಕೆಳಗೆ ಬೆನ್ನು ತಿರುಗಿಸಿ ಕೂರುತ್ತಾರೆ. ಕಚೇರಿ ವೇಳೆಯಲ್ಲಿ ಹತ್ತಿರ ಬರುವಂತಿಲ್ಲ. ಇಬ್ಬರಲ್ಲಿ ಜಗಳವಾದದ್ದು ಯಾರೂ ಕಂಡಿಲ್ಲ. ಗುರುಮಲ್ಲಮ್ಮ ಗಂಡನ ಬುತ್ತಿ ಮಾತ್ರ ತರುತ್ತಾಳೆ. ಅಳಿಯನದು ಹರದನಹಳ್ಳಿಯಿಂದ ಬರುತ್ತದೆ, ಪಲ್ಯ ಜಾಸ್ತಿ.

ನೋಡಲು ಜನ ಬರತೊಡಗಿದ್ದರಿಂದ ಮಂಡಳಿ ಪಕ್ಕದಲ್ಲಿ ಒಂದು ನಿರೀಕ್ಷಣಾ ಕೊಠಡಿ ಕಟ್ಟಿಸಿತು. ಗಟ್ಟಿ ಬೆಂಚುಗಳು. ಬಸ್ಸು ತಪ್ಪಿದವರು, ಸಂತೆಗೆ ಬಂದವರು, ನಾನು, ಎಲ್ಲ ಅಲ್ಲಿ ಕೂರುತ್ತೇವೆ. ಪವಿತ್ರ ಬಟ್ಟೆ ಅಂಗಡಿ ಬಿಟ್ಟು ಅಲ್ಲಿ ಉದ್ಘೋಷಕಿಯಾಗಿದ್ದಾಳೆ. ಗಂಟೆಗೊಮ್ಮೆ ಮೈಕಿನಲ್ಲಿ ಹೇಳುತ್ತಾಳೆ:

‘ಪ್ರಯಾಣಿಕರ ಗಮನಕ್ಕೆ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬರುವ ರೈಲು ತೆರಕಣಾಂಬಿ ದಾಟಿದೆ.’

ಆಗ ಎಲ್ಲರೂ ಬ್ಯಾಗು ಮಡಿಲಿಗೆ ಎಳೆದುಕೊಳ್ಳುತ್ತಾರೆ.